ಐಸ್‌ಕ್ರೀಂ ಗೋಡೌನಿನಲ್ಲಿ ಕೀಟಶಾಸ್ತ್ರ

ಹಳೇ ಪುಸ್ತಕ ಕೊಳ್ಳುವವರು ಮೊದಲು ನೋಡಬೇಕಾದ್ದು ಬೆಲೆಯನ್ನಲ್ಲ, ಬೆನ್ನನ್ನು. ನೆಲದ ಮೇಲೆ ಒಂದು ಹಾಳೆ ಹರಡಿ, ಪುಸ್ತಕವನ್ನು ಅದರ ಮೇಲೆ ನಿಲ್ಲಿಸಿ, ಬೆನ್ನಿಗೆ ಎರಡು ಸಲ ತಟ್ಟಿ. ಹುರಿದ ಹಿಟ್ಟಿನಂಥ ಪುಡಿ ಉದುರಿದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ. ಈ ಬುದ್ಧಿ ನನಗೆ ವ್ಯಾಪಾರಕ್ಕೆ ಇಳಿದು ಹತ್ತು ವರ್ಷ ಕಳೆದ ಮೇಲೆ ಬಂತು. ಅಷ್ಟು ವರ್ಷ ನಾನು ಬೇರೆಯವರಿಗೆ ಬುದ್ಧಿ ಹೇಳುವುದರಲ್ಲೇ ಇದ್ದೆ.

ನನ್ನ ಅಂಗಡಿ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂದಿನ ಗೇಟಿಗೆ ಹೋಗುವ ಓಣಿಯಲ್ಲಿ. ಒಂದು ಪಕ್ಕ ಲೇಡೀಸ್ ಪಿಜಿ, ಇನ್ನೊಂದು ಪಕ್ಕ ಜೆರಾಕ್ಸ್. ಅದಕ್ಕೆ ಮುಂಚೆ ನಾನು ಅದೇ ಪಾರ್ಕಿನ ನಾಲ್ಕನೇ ಮಹಡಿಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದೆ. ಒಂದು ಕಂಪನಿ ಖಾಲಿ ಮಾಡಿಕೊಂಡು ಹೋಗುವಾಗ ಕಂಪ್ಯೂಟರ್ ಪುಸ್ತಕಗಳನ್ನು ದೊಡ್ಡ ದೊಡ್ಡ ಕಸದ ಚೀಲಕ್ಕೆ ತುಂಬಿಟ್ಟಿದ್ದರು. ಗುಜರಿಗೆ ಹಾಕಿ ಅಂದರು ಸೂಪರ್‌ವೈಸರ್. ಆಗ ನನಗೆ ಇಂಗ್ಲಿಷಿನಲ್ಲಿ ಓದಲು ಬರುತ್ತಿದ್ದದ್ದು ಕಡಿಮೆ, ಆದರೆ ಹಿಂದಿನ ರಟ್ಟಿನ ಮೇಲೆ ಛಾಪಿಸಿದ್ದ ಬೆಲೆ ಓದಲು ಬರುತ್ತಿತ್ತು. ಗುಜರಿಯವನು ತೂಕ ನೋಡುತ್ತಾನೆ, ನಾನು ಬೆಲೆ ನೋಡಿದೆ. ನನ್ನ ವ್ಯಾಪಾರ ಅಲ್ಲಿಂದ ಶುರು.

ಮೂರು ಜಾತಿಯ ಪುಸ್ತಕ ನನ್ನ ಅಂಗಡಿಯಲ್ಲಿ ಹೆಚ್ಚು. ಕಂಪ್ಯೂಟರಿನವು ಸೊಪ್ಪಿನ ಹಾಗೆ. ತಂದ ದಿನವೇ ಮಾರಬೇಕು, ಆರು ತಿಂಗಳು ಬಿಟ್ಟರೆ ಹೊಸ ಆವೃತ್ತಿ ಬಂದು ಅದು ಬಾಡುತ್ತದೆ. ಅದರಲ್ಲೂ ಲೆಕ್ಕ, ತರ್ಕ, ತಪ್ಪು ಹುಡುಕುವ ಕ್ರಮ ಹೇಳಿಕೊಡುವಂಥವು ಮಾತ್ರ ಬೇಳೆಯ ಹಾಗೆ, ವರ್ಷಗಟ್ಟಲೆ ನಿಲ್ಲುತ್ತವೆ. ಅರ್ಥಶಾಸ್ತ್ರದವನ್ನು ಪರೀಕ್ಷೆಗೆ ಕಟ್ಟುವವರು ಬಂದು ಒಯ್ಯುತ್ತಾರೆ. ಅವರ ಹತ್ತಿರ ಚೌಕಾಸಿ ಕಷ್ಟ, ಯಾಕಂದರೆ ಬೆಲೆ ಹೇಗೆ ಇಳಿಯುತ್ತದೆ ಅಂತ ಅವರು ಅದೇ ಪುಸ್ತಕದಲ್ಲಿ ಓದಿರುತ್ತಾರೆ. ನಾನೂ ಬಿಡುವಾದಾಗ ಒಂದೊಂದೇ ಅಧ್ಯಾಯ ಓದಿದ್ದರಿಂದ ಜೋಡಿ ಸಮವಾಯಿತು. ಕೀಟಗಳ ಪುಸ್ತಕ ಕೇಳಿಕೊಂಡು ಬರುವವರು ವರ್ಷಕ್ಕೆ ನಾಲ್ಕೈದು ಜನ. ಆದರೆ ಹತ್ತು ಅಂಗಡಿ ತಿರುಗಿ ಬಂದಿರುವುದರಿಂದ ಅವರು ಚೌಕಾಸಿ ಮಾಡುವುದಿಲ್ಲ. ಅದಕ್ಕೇ ಆ ಪುಸ್ತಕಗಳಿಗೆ ಮೇಲಿನ ಹಲಗೆ. ಕಾಯಬಲ್ಲ ಸರಕು ಕಣ್ಣೆದುರಿಗೆ ಇರಬೇಕಾಗಿಲ್ಲ.

ಹೂಡಿಯ ಒಂದು ಅಪಾರ್ಟ್‌ಮೆಂಟಿನಿಂದ ಫೋನ್ ಬಂದಾಗ ನನಗೆ ಅದೇ ಲೆಕ್ಕ ತಲೆಯಲ್ಲಿತ್ತು. ಕರೆದವರು ಧಾರವಾಡದ ಕಡೆಯವರು, ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಡಂ. ದೊಡ್ಡ ಮನೆ ಮಾರಿ ಅದೇ ಕಾಂಪೌಂಡಿನಲ್ಲಿ ಒಂದು ರೂಮಿನ ಮನೆಗೆ ಹೋಗುವವರಿದ್ದರು. ಗೂಡಿನ ಪಕ್ಕದಲ್ಲಿ ಇಷ್ಟಲಿಂಗದ ಕರಡಿಗೆ, ಗೋಡೆಯ ತುಂಬ ಪುಸ್ತಕ. ಎಲ್ಲದರ ಬೆನ್ನಿಗೂ ಚೀಟಿ ಅಂಟಿಸಿ ಕನ್ನಡ ಅಂಕಿಯಲ್ಲಿ ನಂಬರ್ ಬರೆದಿದ್ದರು. ಒಂದರಿಂದ ನೂರಾ ಎಂಬತ್ತಾರರವರೆಗೆ.

"ಒಳ್ಳೇವು ಒಂದು ಐವತ್ತು ಬಿಡಿಯಾಗಿ ಹೋಗುತ್ತೆ ಮೇಡಂ, ಉಳಿದಿದ್ದು ತೂಕಕ್ಕೆ," ಅಂದೆ. ಮೊದಲ ಮಾತೇ ಹೀಗೆ ಸಪ್ಪಗಿರಬೇಕು. ಆಮೇಲೆ ಏರಿಸಿದರೆ ಮಾರುವವರಿಗೆ ಸಂತೋಷ.

"ಬಿಡಿ ಮಾರಂಗಿಲ್ರಿ. ಕೊಟ್ರ ಎಲ್ಲಾ ಒಂದ ಕಡೆ. ಇಲ್ಲಾಂದ್ರ ಚಹಾ ಕುಡದು ಹೋಗ್ರಿ."

"ಯಾಕೆ ಹಂಗೆ?"

ಅವರು ಒಂದು ಪುಸ್ತಕ ತೆಗೆದು ಅಂಚು ತೋರಿಸಿದರು. ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: 'ಇದಕ್ಕೆ ೩೪ ನೋಡು.' ಮೂವತ್ನಾಲ್ಕು ತೆಗೆದರೆ ಅಲ್ಲಿ ಒಂದು ಹುಳದ ಚಿತ್ರದ ಪಕ್ಕ, 'ರೆಕ್ಕೆಯ ನರ ತಪ್ಪು ಬರೆದಿದ್ದಾರೆ, ಸರಿ ಚಿತ್ರ ೧೧೨ರಲ್ಲಿ.' ನೂರಾ ಹನ್ನೆರಡರಲ್ಲಿ ಅವರದೇ ಕೈಯ ಚಿತ್ರ. ಮೂವತ್ತು ವರ್ಷ ಹೊಲದಲ್ಲಿ ಕಂಡದ್ದನ್ನೆಲ್ಲ ಅವರು ಬೇರೆ ಒಂದು ಪುಸ್ತಕ ಬರೆಯದೆ ಇವುಗಳ ಅಂಚಿಗೇ ಬರೆದಿದ್ದರು. ಒಂದು ಪುಸ್ತಕ ಕಳೆದರೆ ಇನ್ನೆಲ್ಲೋ ಒಂದು ಮಾತು ಅರ್ಧಕ್ಕೆ ನಿಲ್ಲುತ್ತದೆ.

"ಓದೋ ಹುಡುಗರ ಕೈಗೆ ಹೋಗಬೇಕ್ರಿ ಇವು. ಇಲ್ಲಾಂದ್ರ ನಾ ಮೂವತ್ತು ವರ್ಷ ಮಾಡಿದ್ದು ರದ್ದಿ," ಅಂದರು. ದನಿ ಏರಿಸಲಿಲ್ಲ.

ಇಂಥ ಸರಕಿಗೆ ಒಬ್ಬನೇ ಗಿರಾಕಿ ಸಿಗುವುದು ಸುಲಭವಲ್ಲ. ಆದರೂ ಒಂದೂವರೆ ತಿಂಗಳು ಫೋನ್ ಮಾಡಿ ಮಾಡಿ ಹಿಡಿದೆ. ಆನೇಕಲ್ ಹತ್ತಿರ ಕೃಷಿ ಡಿಪ್ಲೊಮಾ ಕಲಿಸುವ ಚಿಕ್ಕ ಸಂಸ್ಥೆ. ಅಲ್ಲಿನ ಮಕ್ಕಳ ಮನೆಗಳಲ್ಲಿ ಗುಲಾಬಿ, ತರಕಾರಿ, ಹಿಪ್ಪುನೇರಳೆ. ಪ್ರಿನ್ಸಿಪಾಲರು ಹೊಸದಾಗಿ ಓದುವ ಕೋಣೆ ಕಟ್ಟಿಸಿದ್ದರು. ನೂರಾ ಎಂಬತ್ತಾರನ್ನೂ ತಗೊಳ್ಳುತ್ತೇವೆ, ಜೊತೆಗೆ ಅರ್ಥಶಾಸ್ತ್ರ, ಕಂಪ್ಯೂಟರ್ ಸ್ವಲ್ಪ ಸೇರಿಸಿ ಅಂದರು. ವ್ಯಾನ್ ಕಳಿಸಲು ಮೂರು ತಿಂಗಳು ಬೇಕು ಅಂದರು. ಮೇಡಂ ಮನೆ ಖಾಲಿ ಮಾಡಬೇಕಿತ್ತು, ಪುಸ್ತಕ ನನ್ನ ಅಂಗಡಿಗೆ ಬಂದವು.

ಇಲ್ಲಿ ನಾನು ಮಾಡಿದ ಕೆಲಸ ಹೇಳಬೇಕು. ನನಗೆ ರಿಪೇರಿ ಕಲಿಸಿದ್ದು ಒಬ್ಬ ಬೈಂಡಿಂಗ್ ತಾತ. ಮೈದಾವನ್ನು ನೀರಿನಲ್ಲಿ ಕಾಯಿಸಿ, ಅಂಟು ಗಟ್ಟಿಯಾಗುವಾಗ ಒಂದು ಚೂರು ಮೈಲುತುತ್ತ ಪುಡಿ ಮಾಡಿ ಹಾಕಬೇಕು ಅಂತ ಅವರ ಪಾಠ. ಮೈಲುತುತ್ತ ವಿಷ, ಹುಳ ಹತ್ತಿರ ಸುಳಿಯುವುದಿಲ್ಲ. ಆದರೆ ಅದನ್ನು ಹಾಕಿದರೆ ಅಂಟು ತಿಳಿನೀಲಿಯಾಗುತ್ತದೆ, ಹೊಲಿಗೆಯ ಹತ್ತಿರ ಹಾಳೆಗೆ ಹಸಿರುಗಲೆ ನಿಲ್ಲುತ್ತದೆ. ಗಿರಾಕಿಗಳಿಗೆ ಅದೇ ಸಾಕು. "ಅಕ್ಕ, ಬೂಷ್ಟು ಹಿಡ್ದಿದೆ, ಅರ್ಧ ರೇಟಿಗೆ ಕೊಡಿ" ಅನ್ನುವರು. ಅದಕ್ಕೆ ಎರಡು ವರ್ಷದಿಂದ ಮೈಲುತುತ್ತ ಬಿಟ್ಟಿದ್ದೆ. ಅಂಟು ಬೆಳ್ಳಗೆ, ಪುಸ್ತಕ ಚೊಕ್ಕ, ಚೌಕಾಸಿ ಕಡಿಮೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಮೇಡಂ ಪುಸ್ತಕಗಳಲ್ಲಿ ಅರವತ್ತರ ಬೆನ್ನು ಸಡಿಲವಾಗಿತ್ತು. ಪ್ರಿನ್ಸಿಪಾಲರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ, ಯಾರನ್ನೂ ಕೇಳದೆ, ಅರವತ್ತಕ್ಕೂ ಹೊಸ ಅಂಟು ಹಾಕಿ, ಅದೇ ಮೇಲಿನ ಹಲಗೆಯಲ್ಲಿ ಜೋಡಿಸಿ, ಪ್ಲಾಸ್ಟಿಕ್ ಹೊದಿಸಿ ಮಳೆಗಾಲಕ್ಕೆ ಬಿಟ್ಟೆ.

ವ್ಯಾನ್ ಬರಲು ಆರು ದಿನ ಇತ್ತು. ಹೊದಿಕೆ ತೆಗೆದರೆ ಹಲಗೆಯ ತುಂಬ ಪುಡಿ. ಬೆನ್ನುಗಳ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ದುಂಡನೆ ತೂತು. ಎಳ್ಳುಕಾಳಿನಷ್ಟು ಕಂದು ಹುಳಗಳು ಆರಾಮಾಗಿ ಓಡಾಡುತ್ತಿದ್ದವು, ಮುಟ್ಟಿದರೆ ಕಾಲು ಮಡಚಿ ಸತ್ತ ಹಾಗೆ ಬೀಳುತ್ತಿದ್ದವು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮಳೆ ಬಿಟ್ಟ ಹೊತ್ತು ನೋಡಿ ಟೆರೇಸಿನ ಮೇಲೆ ಬಿಸಿಲಿಗೆ ಹಾಕಿದೆ. ರಟ್ಟುಗಳು ಹಪ್ಪಳದ ಹಾಗೆ ಎದ್ದವು, ಹುಳ ಇನ್ನೂ ಒಳಗೆ ಸರಿದವು. ನೀವು ಈ ಕೆಲಸ ಮಾಡಬೇಡಿ. ಆಮೇಲೆ ಕಂಪ್ಯೂಟರ್ ಪುಸ್ತಕದಲ್ಲಿ ಓದಿದ್ದು ನೆನಪಾಯಿತು: ತಪ್ಪು ಎಲ್ಲಿದೆ ಅಂತ ಊಹೆ ಮಾಡಬೇಡಿ, ಕೆಟ್ಟದ್ದನ್ನೂ ಕೆಡದಿದ್ದನ್ನೂ ಎದುರುಬದುರು ಇಟ್ಟು ಏನು ಬೇರೆ ಅಂತ ನೋಡಿ. ಅಂಗಡಿಯ ನೆಲದ ಮೇಲೆ ಎರಡು ಗುಡ್ಡೆ ಮಾಡಿದೆ. ತೂತು ಬಿದ್ದದ್ದು ಒಂದು ಕಡೆ, ಬೀಳದ್ದು ಒಂದು ಕಡೆ. ಬೀಳದ ಗುಡ್ಡೆಯಲ್ಲಿ ಅದೇ ಹಲಗೆಯಲ್ಲಿ ಮೊದಲಿಂದ ಇದ್ದ ನನ್ನ ಪುಸ್ತಕ, ತಾತನ ಕಾಲದ ನೀಲಿ ಅಂಟಿನವು ಹತ್ತಾರಿದ್ದವು, ಒಂದಕ್ಕೂ ಏನೂ ಆಗಿರಲಿಲ್ಲ. ಬಿದ್ದ ಗುಡ್ಡೆಯಲ್ಲಿ ಎಲ್ಲವೂ ನನ್ನ ಬಿಳಿ ಅಂಟಿನವೇ. ಒಂದು ಬೆಳಗ್ಗೆ ಸಾಕಾಯಿತು, ಅಪರಾಧಿ ಸಿಗಲು.

ಸುಮ್ಮನೆ ಹುಳ ಕೊಡವಿ ವ್ಯಾನಿಗೆ ತುಂಬಿಬಿಡಬಹುದಿತ್ತು. ಯೋಚನೆ ಬರಲಿಲ್ಲ ಅಂದರೆ ಸುಳ್ಳು. ಆನೇಕಲ್‌ನಲ್ಲಿ ಮತ್ತೆ ಪುಡಿ ಉದುರುವ ಹೊತ್ತಿಗೆ ಎರಡು ತಿಂಗಳು ದಾಟಿರುತ್ತದೆ. ನಿಮ್ಮ ಕೋಣೆಯಲ್ಲೇ ಹಿಡಿದದ್ದು ಅನ್ನಬಹುದು. ಆದರೆ ಅರ್ಥಶಾಸ್ತ್ರದ ಪುಸ್ತಕವೊಂದರಲ್ಲಿ ಹಳೇ ಸಾಮಾನಿನ ವ್ಯಾಪಾರದ ಮೇಲೆ ಒಂದು ಅಧ್ಯಾಯವಿದೆ. ಒಳಗಿನ ಕೆಡುಕು ಮಾರುವವನಿಗೆ ಮಾತ್ರ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅದರಿಂದ ಕೊಳ್ಳುವವನು ಎಲ್ಲ ಸಾಮಾನನ್ನೂ ಕೆಟ್ಟದ್ದು ಅಂತಲೇ ಎಣಿಸಿ ಬೆಲೆ ಕಟ್ಟುತ್ತಾನೆ. ಕೊನೆಗೆ ಒಳ್ಳೇದು ಮಾರುವವನು ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ. ನನಗೆ ಧರ್ಮ ಗಿರ್ಮ ಬೋಧಿಸಲು ಬರುವುದಿಲ್ಲ. ಈ ಅಧ್ಯಾಯ ಮಾತ್ರ ಅರ್ಥವಾಗಿತ್ತು. ಮೇಲಾಗಿ ಹುಳ ಹಾಗೇ ಹೋದರೆ ವರ್ಷದೊಳಗೆ ಅಲ್ಲಿ ನೂರಾ ಎಂಬತ್ತಾರೂ ಉಳಿಯುವುದಿಲ್ಲ. ಮೇಡಂ ಕೇಳಿದ್ದು ಅದೊಂದೇ.

ಮೇಡಂಗೆ ಬರಹೇಳಿದೆ. ಅವರು ಬಂದರು, ಸ್ಟೂಲ್ ಮೇಲೆ ಕೂತರು. ನಾನು ಮಳೆ, ತೇವ, ಓಣಿಯ ಚರಂಡಿ ಅಂತ ಸುತ್ತಿ ಬಳಸುತ್ತಿದ್ದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ಒಂದು ಹುಳವನ್ನು ಅಂಗೈಗೆ ತಗೊಂಡರು.

"ಅಯ್ಯ, ಇಂವಾ ಏನು! ನಿಮ್ಮ ಅಡಗಿ ಮನ್ಯಾಗ ಧನಿಯಾ ಪುಡಿ ಡಬ್ಬಿ ತಗದು ನೋಡು, ಅಲ್ಲೂ ಇರ್ತಾನ. ಪುಸ್ತಕ ಬೇಕಿಲ್ಲ ತಂಗಿ ಇವಂಗ, ಹಿಟ್ಟು ಬೇಕು. ಮೈದಾ ಚೀಲ ಎಲ್ಲಿಟ್ಟಿ?"

ಮೈದಾ ಚೀಲ ಅದೇ ಹಲಗೆಯ ಕೆಳಗೆ ನೆಲದ ಮೇಲಿತ್ತು. ಅವರು ಕಾಲಿನಿಂದ ಚೀಲವನ್ನು ಸ್ವಲ್ಪ ಸರಿಸಿ, ಬಗ್ಗಿ ನೋಡಿ, "ಹಾಂ, ತವರುಮನಿ ಇಲ್ಲೇ ಅದ," ಅಂದರು. ಆಮೇಲೆ ಕೈಗೆ ಸಿಕ್ಕ ಒಂದು ಪುಸ್ತಕ ತೆರೆದು ನನ್ನ ಬಿಳಿ ಅಂಟನ್ನು ಕಂಡರು.

"ಇದು ನಾ ಹಾಕಿದ್ದಲ್ಲ."

"ನಾನು ಹಾಕಿದ್ದು ಮೇಡಂ. ಬೆನ್ನು ಬಿಟ್ಟಿತ್ತು. ನೋಡೋಕೆ ಚೆನ್ನಾಗಿರಲಿ ಅಂತ."

"ನೀ ನನ್ನ ಕೇಳಲಿಲ್ಲ."

"ಇಲ್ಲ."

ಅವರು ಭೂತಗನ್ನಡಿ ಮಡಚಿ ಚೀಲಕ್ಕೆ ಹಾಕಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನನಗೂ ಉತ್ತರ ಕೊಡಲು ಒಂದು ದಾರಿ ಇತ್ತು.

"ಎಷ್ಟು ಹೋಗ್ಯಾವ?"

"ಸರಿಯಾಗಿ ಗೊತ್ತಿಲ್ಲ ಮೇಡಂ."

"ಎಣಸು."

ಎಣಿಸಿದೆ. ತೂತು ಬಿದ್ದದ್ದು ಐವತ್ತೆಂಟು. ಆದರೆ ಮೊಟ್ಟೆ ಯಾವುದರಲ್ಲಿ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಎಲ್ಲಕ್ಕೂ ಚಿಕಿತ್ಸೆ ಆಗಬೇಕು ಅಂದರು. ಔಷಧಿ ಹೊಡೆದರೆ ಓದುವ ಮಕ್ಕಳ ಕೈಗೆ ಹತ್ತುತ್ತದೆ. ಉಳಿದದ್ದು ಚಳಿ. ಐಸ್‌ಕ್ರೀಂ ಕಲ್ಲಿನ ಹಾಗೆ ಗಟ್ಟಿ ನಿಲ್ಲುವಷ್ಟು ಚಳಿಯಲ್ಲಿ ಎರಡು ವಾರ. ಗಾಳಿ ಆಡದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಕು, ಹೊರಗೆ ತೆಗೆದ ಮೇಲೂ ಒಂದು ದಿನ ಕಟ್ಟು ಬಿಚ್ಚಬಾರದು, ಬಿಚ್ಚಿದರೆ ಹಾಳೆ ಬೆವರುತ್ತದೆ. "ಮನಿ ಫ್ರಿಜ್ ಸಾಲಂಗಿಲ್ಲ. ದೊಡ್ಡದು ಬೇಕು. ಎಲ್ಲಿ ಹುಡಕ್ತಿ ಹುಡಕು."

ಮೊದಲು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. "ಸಾರ್, ಒಂದು ವಿಷಯ ಇತ್ತು."

"ರೇಟ್ ಜಾಸ್ತಿ ಮಾಡೋ ವಿಷಯ ತಾನೆ? ಆಗಲ್ಲಮ್ಮ."

"ಅಲ್ಲ ಸಾರ್. ಪುಸ್ತಕಕ್ಕೆ ಹುಳ ಬಿದ್ದಿದೆ."

"ಹುಳದ ಪುಸ್ತಕ ತಾನೆ, ಚಿತ್ರ ಚೆನ್ನಾಗಿದೆ ಅಂತ ನೋಡೋಕ್ ಬಂದಿರ್ಬೇಕು," ಅಂತ ನಕ್ಕರು. ನಾನು ನಗಲಿಲ್ಲ, ಅವರೂ ನಿಲ್ಲಿಸಿದರು. ಎಲ್ಲ ಹೇಳಿದೆ, ಅಂಟಿನ ಸಂಗತಿ ಕೂಡ. ಮೂರು ವಾರ ಟೈಮ್ ಕೇಳಿದೆ. ಅವರು, "ನಾನೇ ಬಂದು ಒಂದೊಂದೂ ತಟ್ಟಿ ನೋಡ್ತೀನಿ. ಪಾಸಾದದ್ದು ತಗೋತೀನಿ, ಆಗದ್ದು ಅಲ್ಲೇ. ಅದರ ಮೇಲೆ ಮಾತಿಲ್ಲ," ಅಂದರು. ಸಾಗಾಟದ ಖರ್ಚು ನನ್ನದು ಅಂತ ನಾನೇ ಸೇರಿಸಿದೆ. ತಪ್ಪು ನಮ್ಮ ಕಡೆ ಇದ್ದಾಗ ಅವರು ಕೇಳುವ ಮುಂಚೆ ಏನಾದರೂ ಬಿಟ್ಟುಕೊಡಿ. ಕೇಳಿದ ಮೇಲೆ ಬಿಡುವುದು ಯಾವಾಗಲೂ ಹೆಚ್ಚಾಗುತ್ತದೆ.

ಹೂಡಿ ರಸ್ತೆಯಲ್ಲಿ ಐಸ್‌ಕ್ರೀಂ ಏಜೆನ್ಸಿಯ ಗೋಡೌನ್ ಒಂದಿದೆ. ಮಳೆಗಾಲದಲ್ಲಿ ಅದರ ಮಾಲೀಕನಿಗೆ ವ್ಯಾಪಾರ ಇರುವುದಿಲ್ಲ ಅನ್ನುವುದು ನನಗೆ ಗೊತ್ತು. ಊರಿನ ಹಳೇ ಮನೆತನದವನು, ನನ್ನನ್ನು ಹೌಸ್‌ಕೀಪಿಂಗ್ ದಿನದಿಂದ ಬಲ್ಲವನು.

"ಪುಸ್ತಕಾನಾ? ಫ್ರೀಜರ್‌ಗಾ? ಅಕ್ಕ, ಜ್ವರ ಗಿರ ಬಂದಿದ್ಯಾ ಪುಸ್ತಕಕ್ಕೆ?"

"ಹುಳ ಬಂದಿದೆ. ಎರಡು ವಾರ ಇಟ್ಕೊ."

"ವೆನಿಲಾ ಪಕ್ಕದಲ್ಲಿ ಹುಳ ಇಟ್ಕೊ ಅಂತೀಯಲ್ಲ! ಇನ್ಸ್‌ಪೆಕ್ಟರ್ ಬಂದ್ರೆ ನನ್ನೂ ಫ್ರೀಜರ್‌ಗೇ ಹಾಕ್ತಾನೆ ಕಣಕ್ಕ."

"ನಿನ್ನ ವೆನಿಲಾ ಯಾರಿಗೆ ಬೇಕು. ಹಿಂದಿನ ಶೆಡ್ಡಲ್ಲಿ ಎರಡು ಹಳೇ ಪೆಟ್ಟಿಗೆ ಫ್ರೀಜರ್ ಖಾಲಿ ಬಿದ್ದಿದೆ. ಕರೆಂಟ್ ನಾನು ಕೊಡ್ತೀನಿ. ಎರಡೆರಡು ಕವರ್ ಹಾಕಿ ಟೇಪ್ ಸುತ್ತಿ ಕೊಡ್ತೀನಿ, ಒಂದು ಹುಳ ಆಚೆ ಬಂದ್ರೆ ಕೇಳು."

"ಅದೆಂಗೆ ಗೊತ್ತು ನಿಂಗೆ, ಹಿಂದಿನ ಶೆಡ್ಡಲ್ಲಿ ಫ್ರೀಜರ್ ಇರೋದು?"

"ನಿಮ್ಮ ಗೋಡೌನ್ ಪೇಪರ್ ರದ್ದಿ ತಗೊಳೋದು ಯಾರು?"

ಅವನ ಮಗಳು ಪಿಯುಸಿಯಲ್ಲಿ ಅರ್ಥಶಾಸ್ತ್ರ ತಗೊಂಡಿದ್ದಳು. ಎರಡು ವರ್ಷದ ಪುಸ್ತಕ ನನ್ನ ಕಡೆಯಿಂದ, ಅಲ್ಲಿಗೆ ಮಾತು ಮುಗಿಯಿತು. ಅವನ ಹುಡುಗಿಗೆ ಕೊಟ್ಟದ್ದು ನೀಲಿ ಅಂಟಿನವು.

ಎರಡು ವಾರದಲ್ಲಿ ಮೇಡಂ ಮೂರು ಸಲ ಗೋಡೌನಿಗೆ ಬಂದು ಫ್ರೀಜರಿನ ಮುಚ್ಚಳ ಸರಿಯಾಗಿ ಕೂತಿದೆಯೇ ಅಂತ ಒತ್ತಿ ನೋಡಿ ಹೋದರು. ಐಸ್‌ಕ್ರೀಂನವನು ಪ್ರತಿ ಸಲವೂ ಅವರಿಗೆ ಒಂದು ಕಪ್ ಕೊಟ್ಟ. ಅವರು ಪ್ರತಿ ಸಲವೂ ಹಲ್ಲು ಜುಮ್ಮಂತಾವ ಅಂತ ಹೇಳುತ್ತಲೇ ತಿಂದರು.

ಮೂರನೇ ವಾರ ಅಂಗಡಿಗೆ ಬಂದ ಪ್ರಿನ್ಸಿಪಾಲರು ಕಪ್ಪು ಚಾರ್ಟು ಹಾಳೆ ತಂದಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದನ್ನೂ ತಟ್ಟಿ, ಕೊಡವಿ, ಹಾಳೆ ತಿರುವಿ ನೋಡಿದರು. ಬೆಳಗ್ಗೆ ಕೂತವರು ಊಟದ ಹೊತ್ತಿನವರೆಗೂ ಏಳಲಿಲ್ಲ. ಹುಳವೇನೋ ಎಲ್ಲದರಲ್ಲೂ ಸತ್ತಿತ್ತು. ಆದರೆ ಒಂಬತ್ತು ಪುಸ್ತಕ ಎತ್ತಿದರೆ ಹಾಳೆ ಚೂರುಚೂರಾಗಿ ಬರುತ್ತಿತ್ತು. ಅವನ್ನು ಪಕ್ಕಕ್ಕಿಟ್ಟರು.

"ಸಾರ್, ಅವನ್ನೂ ಸೇರಿಸ್ಕೊಳ್ಳಿ. ಬೇರೆ ರಟ್ಟು ಹಾಕ್ಸಿ ಕೊಡ್ತೀನಿ. ನೂರಾ ಎಂಬತ್ತಾರು ಅಂತಲ್ವಾ ಮಾತು?"

"ಮಕ್ಕಳು ಮುಟ್ಟಿದ್ರೆ ಉದುರೋ ಪುಸ್ತಕ ನಾನ್ ಯಾಕಮ್ಮ ಇಡ್ಲಿ?"

"ಗಾಜಿನ ಬೀರುವಲ್ಲಿಡಿ. ಬೀರು ನಾನು ಕೊಡಿಸ್ತೀನಿ."

"ಬೀರುವಲ್ಲಿಟ್ಟಿದ್ದನ್ನ ಓದೋರು ಯಾರು?"

ನಾನು ಇನ್ನೂ ಬಾಯಿ ತೆರೆಯುವವಳಿದ್ದೆ. ಸ್ಟೂಲ್ ಮೇಲಿದ್ದ ಮೇಡಂ ಕೈ ಎತ್ತಿದರು. "ಸಾಕು ಬಿಡು ತಂಗಿ. ಅವರು ಹೇಳೋದು ಖರೇ ಅದ. ನಾ ಆಗಿದ್ರೂ ತಗೋತಿರಲಿಲ್ಲ." ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ಒಂಬತ್ತು ನಂಬರಿನ ಜಾಗಾ ಮಾತ್ರ ಖಾಲಿ ಬಿಟ್ಟಿರ್ರಿ. ಅಲ್ಲಿಗೆ ನಾ ಹಾಳಿ ಕಳಸ್ತೀನಿ," ಅಂದರು.

ನೂರಾ ಎಪ್ಪತ್ತೇಳು ಪುಸ್ತಕ ಆ ದಿನ ಹೋದವು. ಮೇಡಂ ಮಾರನೆಯ ದಿನದಿಂದ ದಿನಾ ಮಧ್ಯಾಹ್ನ ಅಂಗಡಿಗೆ ಬರತೊಡಗಿದರು. ಹಾಳಾದ ಒಂಬತ್ತರಲ್ಲಿ ಅಂಚಿಗೆ ಬರೆದಿದ್ದನ್ನೆಲ್ಲ ಬಿಡಿ ಹಾಳೆಗೆ ಇಳಿಸುವುದು, ಒಂದೊಂದು ನಂಬರಿಗೂ ಒಂದೊಂದು ಫೈಲು. ನಾನು ಇಕ್ಕಳದಲ್ಲಿ ಹಾಳೆ ಎತ್ತಿ ಹಿಡಿದು ಓದುವುದು, ಅವರು ಬರೆಯುವುದು. ಲ್ಯಾಟಿನ್ ಹೆಸರು ಬಂದರೆ ನಾನು ಒಂದೊಂದೇ ಅಕ್ಷರ ಕೂಗುತ್ತಿದ್ದೆ. ಗಿರಾಕಿ ಬಂದರೆ ಎದ್ದು ಹೋಗುತ್ತಿದ್ದೆ. ಎರಡು ವಾರ ಹೀಗೇ ನಡೆಯಿತು, ಆಗ ನನ್ನ ಚೌಕಾಸಿ ಸ್ವಲ್ಪ ಸಡಿಲವಾಗಿತ್ತು ಅಂತ ಪಿಜಿ ಹುಡುಗಿಯರು ಇವತ್ತಿಗೂ ಹೇಳುತ್ತಾರೆ.

ಎಪ್ಪತ್ತೊಂದನೇ ನಂಬರಿನಲ್ಲಿ ಒಂದು ಕಡೆ ತೂತು ಸರಿಯಾಗಿ ಅವರ ಪೆನ್ಸಿಲಿನ ಮೇಲೇ ಹಾದಿತ್ತು. 'ಹೂ ಬಿಡುವ ಮುಂಚೆ' ಅಂತ ಓದಲು ಬರುತ್ತಿತ್ತು, 'ದಿನ' ಅಂತ ಬರುತ್ತಿತ್ತು. ಎಷ್ಟು ದಿನ ಅನ್ನುವುದು ಹುಳದ ಹೊಟ್ಟೆಯಲ್ಲಿತ್ತು. ಮೇಡಂ ಭೂತಗನ್ನಡಿ ಹಿಡಿದೂ ನೋಡಿದರು. ನೆನಪಾಗಲಿಲ್ಲ.

"ಹತ್ತೋ ಹದಿನೈದೋ ಬರೀರಿ ಮೇಡಂ, ಒಂದು ಅಂದಾಜಿಗೆ. ಯಾರಿಗ್ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಂಗಿಲ್ಲ," ಅಂದರು. "ಹುಡುಗ ಅದನ್ನ ಓದಿ ಹೋಗಿ ಹೊಲಕ್ಕ ತಪ್ಪು ದಿನಾ ಹುಳದ ಎಣ್ಣಿ ಹೊಡೀತಾನ, ಅಷ್ಟ."

ಆ ಜಾಗಕ್ಕೆ ಚಿಕ್ಕ ಚೌಕ ಎಳೆದು, ಒಳಗೆ ಏನೂ ಬರೆಯದೆ, ಪಕ್ಕದಲ್ಲಿ 'ಅಂಕಿ ಹೋಗಿದೆ, ಹೊಲದಲ್ಲಿ ನೋಡಿ ತುಂಬಿರಿ' ಅಂತ ಬರೆದರು. ನನ್ನ ಕಡೆ ನೋಡಿ, ಮುಂದಿನ ಹಾಳೆ ಎತ್ತು ಅಂದರು. ಎತ್ತಿದೆ.